ಬೇಸರ ತೃಪ್ತಿಕರ

ಮೊದಲು ಕೇಳಿಸಿದ್ದು ಒಂದು ಸಣ್ಣ ಸದ್ದು. ಯಾರೋ ನಾಲ್ಕು ಹುಣಸೆಬೀಜಗಳನ್ನು ಹಲಗೆಯ ಮೇಲೆ ಮೆಲ್ಲಗೆ ಚೆಲ್ಲಿದ ಹಾಗೆ. ಆಮೇಲೆ ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. ನಾನು ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ನಿದ್ದೆ ಬಾರದವರಿಗೆ ಮನೆಯ ಸದ್ದುಗಳೆಲ್ಲ ಪರಿಚಯವಿರುತ್ತವೆ. ಹಿಮದ ಭಾರಕ್ಕೆ ತೊಲೆ ನರಳುವುದು, ಅಟ್ಟದ ಇಲಿ, ಪಕ್ಕದ ಕೋಣೆಯಲ್ಲಿ ಅತ್ತೆಯ ಗೊರಕೆ, ಇವೆಲ್ಲ ನನಗೆ ಬಾಯಿಪಾಠ. ಇದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಅಲ್ಲದೆ ಗೊರಕೆಯೂ ಕೇಳುತ್ತಿರಲಿಲ್ಲ. ಪಕ್ಕಕ್ಕೆ ಕೈ ಚಾಚಿದೆ. ಗಂಡನ ಜಾಗ ಖಾಲಿ. ಆದರೆ ಒಳಗೆ ಆಳು ಮಲಗಿರುವಂತೆ ಕಾಣಲೆಂದು ದಿಂಬುಗಳನ್ನಿಟ್ಟು ಕಂಬಳಿಯನ್ನು ಉಬ್ಬಿಸಿದ್ದರು. ಹತ್ತೊಂಬತ್ತು ವರ್ಷದ ದಾಂಪತ್ಯದಲ್ಲಿ ಅವರು ಇಷ್ಟು ಶ್ರದ್ಧೆಯಿಂದ ಹಾಸಿಗೆ ಸರಿಮಾಡಿದ್ದನ್ನು ನಾನು ಕಂಡಿರಲಿಲ್ಲ.

ಅದು ಚಳಿಗಾಲದ ಹದಿಮೂರನೆಯ ವಾರ. ಅಷ್ಟು ಹೊತ್ತಿಗೆ ನಮ್ಮೂರಿನಲ್ಲಿ ಯಾವ ಮನೆಯಲ್ಲೂ ಯಾರೂ ಸುಖವಾಗಿರಬಾರದು. ಒಬ್ಬರಿಗಾದರೂ ಚಳಿಗಾಲ ಹಿತವಾಗಿರುವ ತನಕ ಹಿಮ ನಿಲ್ಲುವುದಿಲ್ಲ. ಮೊದಲ ಎಂಟು ವಾರ ಯಾರ ತಕರಾರೂ ಇಲ್ಲ, ಕೆರೆ ತುಂಬಬೇಕಲ್ಲ. ಆ ಎಂಟು ವಾರ ಊರು ಊರೇ ಕೈಗೆ ಸಿಕ್ಕಿದ್ದನ್ನು ಹಿಡಿದು ಕೂತಿರುತ್ತದೆ. ಕಸೂತಿ, ಹೆಣಿಗೆ, ಹಾರ್ಮೋನಿಯಂ, ಕೇರಂ, ಚೌಕಾಬಾರ, ಬೆಂಕಿಕಡ್ಡಿಯ ಗೋಪುರ. ಒಲೆಯ ಮುಂದೆ ಹುರುಳಿ ಸಾರು ಕುದಿಯುತ್ತಿರುತ್ತದೆ, ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ, ಯಾರಿಗೂ ಅವಸರವಿಲ್ಲ. ಒಂಬತ್ತನೆಯ ವಾರದ ಸೋಮವಾರಕ್ಕೆ ಕಟ್ಟುವ ಸೋಮವಾರ ಎಂದು ಹೆಸರು. ಅವತ್ತು ಎಲ್ಲರೂ ತಮ್ಮ ತಮ್ಮ ಹವ್ಯಾಸವನ್ನು ಬಟ್ಟೆಯಲ್ಲಿ ಕಟ್ಟಿ, ಚೀಟಿ ಅಂಟಿಸಿ, ಸಮಿತಿಗೆ ಒಪ್ಪಿಸಬೇಕು. ಮಾರನೆಯ ದಿನದಿಂದ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುವ ರೀತಿಯೇ ಬೇರೆ. "ಬೇಜಾರು ಬಂತಾ?" ಎಂದು ಒಬ್ಬರು ಕೇಳಿದರೆ, "ಬಂದು ಕುತ್ತಿಗೆ ಮೇಲೆ ಕೂತಿದೆ" ಎಂದು ಇನ್ನೊಬ್ಬರು ಹೇಳಬೇಕು. ಬರೀ "ಬಂತು" ಎಂದರೆ ಅನುಮಾನ. ಹೆಣ್ಣು ನೋಡಲು ಹೋದವರು ಹುಡುಗಿ ನಿಟ್ಟುಸಿರು ಬಿಡುವುದನ್ನೂ ಒಂದು ಸಲ ಕೇಳಿಸಿಕೊಂಡು ಬರುತ್ತಾರೆ.

ಬೇಸರ ಸಮಿತಿಗೆ ಚನ್ನಾಜಮ್ಮನವರು ಅಧ್ಯಕ್ಷೆ, ನಾನು ಕಾರ್ಯದರ್ಶಿ. ಬಿ.ಎ. ಓದಿದ್ದೇನೆ, ಅಕ್ಷರ ಚೆನ್ನಾಗಿದೆ, ಎಲ್ಲಿ ಹೋದರೂ ಏನೋ ತಪ್ಪಾಗಿದೆ ಎಂದು ನನಗೆ ಅನ್ನಿಸುತ್ತಿರುತ್ತದೆ. ಈ ಕೆಲಸಕ್ಕೆ ಇನ್ನೇನು ಬೇಕು. ಮನೆಮನೆಗೆ ಹೋಗಿ ನೋಡುವುದು, ಸರಿಯಿದ್ದರೆ ವರದಿ ಪುಸ್ತಕದಲ್ಲಿ ಆ ಮನೆಯ ಮುಂದೆ "ಬೇಸರ ತೃಪ್ತಿಕರ" ಎಂದು ಬರೆಯುವುದು. ಕಾಫಿಯ ವಿಚಾರವನ್ನು ಕಂಡುಹಿಡಿದವಳೂ ನಾನೇ. ಬೇಸರದಲ್ಲಿರುವವರು ಕಾಫಿಯನ್ನು ಬಿಸಿಯಾಗಿ ಕುಡಿಯುತ್ತಾರೆ, ದಿನದಲ್ಲಿ ಅವರಿಗೆ ಆಗುವುದು ಅದೊಂದೇ. ಏನಾದರೂ ಹಚ್ಚಿಕೊಂಡು ಸುಖವಾಗಿರುವವರ ಕಾಫಿ ಆರಿ, ಮೇಲೆ ಕೆನೆ ಕಟ್ಟಿರುತ್ತದೆ. ಈಗ ಸಮಿತಿಯವರು ಒಳಗೆ ಬಂದೊಡನೆ ಮೊದಲು ಮುಟ್ಟಿ ನೋಡುವುದು ಲೋಟವನ್ನು.

ನನ್ನ ಗಂಡ ಫಾಲಾಕ್ಷ ಅಂಚೆ ಕಚೇರಿಯಲ್ಲಿದ್ದಾರೆ. ಹಿಮ ಬಿದ್ದು ಘಾಟಿ ಮುಚ್ಚಿದ ಮೇಲೆ ಟಪಾಲು ಬರುವುದಿಲ್ಲ. ಅವರು ಹೋಗಿ ಖಾಲಿ ಗೂಡುಗಳ ಮುಂದೆ ಕೂತು ಬರುತ್ತಾರೆ. ಬೇಸರಕ್ಕೆ ಅವರು ಊರಿಗೇ ಮಾದರಿ. ಶಾಲೆಯವರು ಒಂದು ವರ್ಷ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಬಂದು, ಅವರು ಕೂತಿರುವುದನ್ನು ತೋರಿಸಿಕೊಂಡು ಹೋಗಿದ್ದರು. ನನ್ನ ಅತ್ತೆ ಸಿದ್ದಮ್ಮನವರಿಗೆ ಎಪ್ಪತ್ತಾರು. ಚಳಿಗಾಲವಿಡೀ ಮಂಡಿ ಮಡಚಲು ಬಾರದೆ ಕಾಲು ಚಾಚಿ ಕೂತು ನರಳುತ್ತಾರೆ. ಇಂಥ ಮನೆಯ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನನಗೂ ಬಂದಿರಲಿಲ್ಲ.

ಶಾಲು ಹೊದ್ದು ಅಡುಗೆಮನೆಯ ಬಾಗಿಲ ಬಳಿ ಹೋದೆ. ಬಾಗಿಲ ಸಂದಿಯಲ್ಲಿ ಕೆಂಡದ ಬೆಳಕು. ನಾವು ಊಟಕ್ಕೆ ಕೂರುವ ಮಣೆಯನ್ನು ಮಗುಚಿ ಹಾಕಿದ್ದರು. ಅದರ ಹಿಂಬದಿಯಲ್ಲಿ ಇದ್ದಿಲಿನಿಂದ ಚೌಕಾಬಾರದ ಮನೆಗಳನ್ನು ಬರೆದಿತ್ತು. ಎಷ್ಟು ದಿನದಿಂದ ಬರೆದಿತ್ತೋ, ಹಗಲು ನಾನು ಅದರ ಮೇಲೆಯೇ ಕೂತು ಉಣ್ಣುತ್ತಿದ್ದೆ. ಒಂದು ಕಡೆ ಗಂಡ, ಅವರ ಮುಂದೆ ನಾಲ್ಕು ಹುಣಸೆಬೀಜ. ಇನ್ನೊಂದು ಕಡೆ ಅತ್ತೆ, ಅವರ ಮುಂದೆ ನಾಲ್ಕು ಬೆಣಚುಕಲ್ಲು. ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ನಾನು ಮೊದಲು ನೋಡಿದ್ದು ಆ ಮಂಡಿಗಳನ್ನು.

ಅತ್ತೆ ಕವಡೆ ಹಾಕಿದರು. "ಮೂರು. ಕಡಿದೆ."

"ಅಮ್ಮ, ನನ್ನ ಕಾಯಿ ಇರೋದು ಕಟ್ಟೆ ಮನೇಲಿ. ಕಟ್ಟೇಲಿರೋದನ್ನ ಕಡಿಯೋ ಹಾಗಿಲ್ಲ."

"ಈ ಕತ್ತಲಲ್ಲಿ ನನಗೆ ಯಾವ ಕಟ್ಟೆ ಕಾಣ್ಬೇಕು. ತೆಗಿಯೋ ಸುಮ್ನೆ."

"ಬಾರ ಬಿದ್ದಾಗ ಎಂಟು ಮನೆ ಸರಿಯಾಗಿ ಎಣಿಸ್ತೀಯಲ್ಲ, ಆಗ ಕಾಣುತ್ತಾ?"

"ಬಾರಕ್ಕೆ ಕಣ್ಣು ಬೇಡ, ಪುಣ್ಯ ಬೇಕು."

ನನ್ನ ಗಂಡ ನಕ್ಕರು. ಬಾಯಿಗೆ ಮಫ್ಲರ್ ಒತ್ತಿಕೊಂಡು, ಭುಜ ಕುಣಿಸಿ ನಕ್ಕರು. "ಮೆಲ್ಲಗೆ ನಗೋ, ಇನ್ಸ್‌ಪೆಕ್ಟ್ರು ಎದ್ದುಬಿಟ್ಟಾರು" ಎಂದರು ಅತ್ತೆ. ನಮ್ಮ ಮನೆಯಲ್ಲಿ ಮಲಗುವವರು ಮೂವರೇ. ಹಾಗಾಗಿ ಇನ್ಸ್‌ಪೆಕ್ಟರ್ ಯಾರು ಎಂದು ಯೋಚಿಸುವ ಅಗತ್ಯ ಬರಲಿಲ್ಲ. ನಾನು ಹಿಂದೆ ಬಂದು ಮಲಗಿಕೊಂಡೆ. ಗಂಡ ಕವಡೆ ಆಡುತ್ತಿದ್ದಾರೆ ಎನ್ನುವುದಕ್ಕಿಂತ, ಆ ನಗುವನ್ನು ಹತ್ತೊಂಬತ್ತು ವರ್ಷ ಎಲ್ಲಿಟ್ಟಿದ್ದರು ಎನ್ನುವುದೇ ನನ್ನನ್ನು ಹೆಚ್ಚು ಕಾಡಿತು.

ಬರೆದು ಕೊಡಬೇಕಾದದ್ದು ನನ್ನ ಕರ್ತವ್ಯ. ಊರಿನಲ್ಲಿ ಸೌದೆ ಮುಗಿಯುತ್ತ ಬಂದಿತ್ತು. ಶಾಲೆಯ ಬೆಂಚುಗಳನ್ನು ಒಡೆದು ಬೀದಿಗೆ ಒಂದರಂತೆ ಹಂಚಿಯಾಗಿತ್ತು. ಪಕ್ಕದ ಮನೆಯ ಪಂಕಜ ತಾನು ದಿನಾ ಸಂಜೆ ಕೂರುವ ತೂಗುಮಣೆಯನ್ನೇ ಬಿಚ್ಚಿ ಸುಡುವ ಮಾತಾಡುತ್ತಿದ್ದಳು. ಇವೆಲ್ಲ ನಮ್ಮ ಅಡುಗೆಮನೆಯ ನಾಲ್ಕು ಕವಡೆಗಳಿಂದ ಎಂದು ಗೊತ್ತಾದ ಮೇಲೂ ಸುಮ್ಮನಿರುವುದು ಹೇಗೆ. ಆದರೆ ಬರೆದು ಕೊಟ್ಟರೆ ಏನಾಗುತ್ತದೆ ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ವನಮಾಲಾ ಟೀಚರನ್ನು ಹಿಡಿದುಕೊಟ್ಟವಳು ನಾನು.

ಟೀಚರು ನಮ್ಮ ಬೀದಿಯ ಕೊನೆಯ ಮನೆಯವರು. ನಿವೃತ್ತರಾದ ಮೇಲೆ ಒಬ್ಬರೇ ಇದ್ದಾರೆ. ಮನೆಮನೆಯಿಂದ ಒಡೆದ ಬಳೆಯ ಚೂರುಗಳನ್ನು ಇಸಿದುಕೊಂಡು ಬಂದು, ಮೈದಾ ಅಂಟು ಹಚ್ಚಿ, ಒಂದು ಹಲಗೆಯ ಮೇಲೆ ನಮ್ಮ ಬೀದಿಯ ಚಿತ್ರ ಮಾಡುತ್ತಿದ್ದರು, ಬೇಸಿಗೆಯ ಬೀದಿ. ಕಟ್ಟುವ ಸೋಮವಾರ ಅವರು ಒಪ್ಪಿಸಿದ್ದು ಬರೀ ಹಲಗೆಯನ್ನು. ಹದಿನಾಲ್ಕನೆಯ ವಾರ ನಾನು ಅವರ ಮನೆಗೆ ಹೋದಾಗ ಕಾಫಿಯ ಮೇಲೆ ದಪ್ಪ ಕೆನೆ ಕಟ್ಟಿತ್ತು. ತಲೆದಿಂಬಿನ ಕೆಳಗೆ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ರಾತ್ರಿ ಚೂರುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಬಣ್ಣ ಹೊಂದಿಸುತ್ತಿದ್ದರಂತೆ. ಡಬ್ಬಿ ವಶಪಡಿಸಿಕೊಂಡ ಮೂರನೆಯ ದಿನ ಹಿಮ ನಿಂತಿತು. ನನಗೆ ಶಾಲು ಹೊದಿಸಿ ಸನ್ಮಾನ ಮಾಡಿದರು. ಆ ಶಾಲನ್ನೇ ಹೊದ್ದು ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ನಿಯಮದ ಪ್ರಕಾರ ಮುಂದಿನ ಚಳಿಗಾಲಕ್ಕೆ ಮೊದಲು ಡಬ್ಬಿ, ಹಲಗೆ ಎರಡನ್ನೂ ಹೊತ್ತುಕೊಂಡು ಅವರ ಮನೆಗೆ ಹೋದೆ. ಹಲಗೆಯನ್ನು ಗೋಡೆಗೆ ಒರಗಿಸಲು ಹೇಳಿದರು. ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. "ಅದು ನಿನ್ನ ಹತ್ರಾನೇ ಇರ್ಲಿ ಬಿಡು ಮಂಗಳಾ. ಕೈ ಬರೋದಿಲ್ಲ ಈಗ." ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಈ ವರ್ಷ ಎಲ್ಲರಿಗೂ ಅನುಮತಿಯಿದ್ದ ಎಂಟು ವಾರವೂ ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದರು. ಕಾಫಿ ಬಿಸಿಬಿಸಿಯಾಗಿ ಕುಡಿಯುತ್ತಿದ್ದರು. ಡಬ್ಬಿ ನನ್ನ ಬೀರುವಿನಲ್ಲೇ ಉಳಿಯಿತು. ಇದನ್ನೆಲ್ಲ ಒಂದು ಸಂಜೆ ಗಂಡನ ಹತ್ತಿರ ಹೇಳಿಕೊಂಡಿದ್ದೆ. ಕಿತ್ತುಕೊಂಡ ಸುಖ ಹಿಂದಕ್ಕೆ ಕೊಟ್ಟರೂ ಬರುವುದಿಲ್ಲ ಎಂದು. ಅವರು ಗೋಡೆ ನೋಡುತ್ತ "ಹೂಂ" ಎಂದಿದ್ದರು.

ಬರೆದು ಕೊಡುವ ಮೊದಲು ಮೂರು ದಿನ ಕಣ್ಣಾರೆ ನೋಡಿರಬೇಕು ಎಂಬ ನಿಯಮವಿದೆ. ಅದನ್ನು ರೂಪಿಸಿದ್ದೂ ನಾನೇ, ಯಾರಿಗೂ ಅನ್ಯಾಯವಾಗಬಾರದೆಂದು. ಹಾಗಾಗಿ ಮಾರನೆಯ ರಾತ್ರಿಯೂ ಬಾಗಿಲ ಹಿಂದೆ ನಿಂತೆ. ಅತ್ತೆ ಮೂರು ಬಿದ್ದರೆ ನಾಲ್ಕು ಮನೆ ನಡೆಸುತ್ತಾರೆ ಎಂಬುದನ್ನು ಗಮನಿಸಿದೆ. ಮೂರನೆಯ ರಾತ್ರಿ, ಗಂಡ ಅದನ್ನು ನೋಡಿಯೂ ನೋಡದವರಂತೆ ಇರುತ್ತಾರೆ ಎಂಬುದನ್ನು ಗಮನಿಸಿದೆ. ಅಲ್ಲಿಗೆ ಸಾಕ್ಷ್ಯ ಸಾಕಾಗಿತ್ತು. ಆದರೆ ಆಟ ಅರ್ಧಕ್ಕೆ ನಿಂತಿತ್ತು. ಅತ್ತೆಯ ಎರಡು ಕಾಯಿ ನಡುಮನೆ ಸೇರಿ ಹಣ್ಣಾಗಿದ್ದವು, ಗಂಡನದು ಒಂದೂ ಇಲ್ಲ. ವರದಿ ಪೂರ್ಣವಾಗಿರಲಿ ಎಂದು ನಾಲ್ಕನೆಯ ರಾತ್ರಿಯೂ ಎದ್ದೆ. ಈ ನಡುವೆ ಹಗಲಿನಲ್ಲಿ ನನಗೆ ಕೆಲವು ತೊಂದರೆಗಳು ಕಾಣಿಸಿಕೊಂಡವು. ಯಾವಾಗ ಕತ್ತಲಾದೀತು ಎಂದು ಗಡಿಯಾರ ನೋಡುತ್ತಿದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಒಂದು ಮಧ್ಯಾಹ್ನ, ಗಂಡ ಮೂಲೆಯ ಕಾಯಿಯನ್ನು ಮೊದಲು ನಡೆಸಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ಕೂತು ಎದ್ದಾಗ ನನ್ನ ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅದನ್ನು ಬೇಗ ಬಚ್ಚಲಿಗೆ ಚೆಲ್ಲಿ ಲೋಟ ತೊಳೆದಿಟ್ಟೆ. ಕರ್ತವ್ಯದ ಯೋಚನೆಯಲ್ಲಿ ಹಾಗಾಗುವುದುಂಟು.

ಐದನೆಯ ರಾತ್ರಿ ಗಂಡನಿಗೆ ನಾಲ್ಕು ಬಿತ್ತು. ಅತ್ತೆಯ ಕಾಯಿ ಸರಿಯಾಗಿ ನಾಲ್ಕು ಮನೆ ಮುಂದೆ ಬಯಲಿನಲ್ಲಿ ಕೂತಿತ್ತು. ಮೂಲೆಯ ಕಾಯಿ ನಡೆಸಿದರೆ ಕಡಿಯಬಹುದು. ಅವರು ಬೇರೆ ಕಾಯಿಗೆ ಕೈ ಹಾಕಿದರು. ತಡೆಯುವುದು ನನ್ನ ಕೈಲಾಗಲಿಲ್ಲ.

"ಅದನ್ನಲ್ಲ ರೀ, ಮೂಲೇದನ್ನ" ಎಂದೆ.

ಅತ್ತೆಯೇ ಮೊದಲು ಮಾತಾಡಿದ್ದು. "ಬಾಗಿಲ ಹಿಂದೆ ನಿಂತ್ಕೊಂಡು ಆಟ ಆಡಿದ್ರೆ ಕಾಲು ಮರಗಟ್ಟುತ್ತೆ. ಒಳಗೆ ಬಾ."

ಒಳಗೆ ಹೋದೆ. ಗಂಡ ಹುಣಸೆಬೀಜವನ್ನು ಬೆರಳಲ್ಲಿ ಹಿಡಿದುಕೊಂಡೇ ಕೂತಿದ್ದರು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ಎತ್ತಲಿಲ್ಲ.

"ಎಷ್ಟು ದಿನದಿಂದ ನಿಂತಿದೀಯ?" ಎಂದರು ಅತ್ತೆ.

"ಐದು."

"ಹಾಗಾದ್ರೆ ಮೊನ್ನೆ ನಾನು ಮೂರಕ್ಕೆ ನಾಲ್ಕು ಮನೆ ನಡೆಸಿದ್ದು?"

"ನೋಡಿದೆ."

"ಅದನ್ನೂ ಬರೀತೀಯಾ?"

"ಅತ್ತೆ, ಇದು ತಮಾಷೆ ಅಲ್ಲ. ಪಂಕಜ ತೂಗುಮಣೆ ಸುಡ್ತೀನಿ ಅಂತಿದಾಳೆ."

"ಗೊತ್ತು ಕಣೆ." ಅತ್ತೆ ಕವಡೆಗಳನ್ನು ಒಂದೊಂದಾಗಿ ಮುಷ್ಟಿಗೆ ತೆಗೆದುಕೊಂಡರು. "ಎಂಟೊಂಬತ್ತು ದಿನ ಆಡೋಣ, ಆಮೇಲೆ ಸಾಕು ಅಂದ್ಕೊಂಡೇ ಕೂತಿದ್ದು. ಸಾಕು ಅನ್ನಿಸ್ಲೇ ಇಲ್ಲ."

ಗಂಡ ಆಗ ತಲೆ ಎತ್ತಿದರು. "ಬರೀಬೇಕು ಅಂತಿದ್ರೆ ಬರಿ. ನನಗೇನಿಲ್ಲ, ನಾನು ಹೇಗೂ ಗೋಡೆ ನೋಡೋನು. ಅಮ್ಮ ಟೀಚರ್ ಥರ ಆಗ್ಬಿಡ್ತಾಳೆ ಅಂತ ಅಷ್ಟೇ. ಕಿತ್ಕೊಂಡಿದ್ದು ವಾಪಸ್ ಬರೋದಿಲ್ಲ ಅಂತ ನೀನೇ ಹೇಳಿದ್ದೆ."

ಅಂದು ಅವರು ಕೇಳಿಸಿಕೊಂಡಿದ್ದರು. ನಾನು ಮಣೆಯನ್ನೇ ನೋಡುತ್ತ ನಿಂತೆ. ಮೂರನೆಯ ಕಡೆ ಖಾಲಿಯಿತ್ತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. "ಬರಿಯೋದು ಬೆಳಿಗ್ಗೆ ತಾನೇ. ಈಗೇನು ಕಾಯಿ ತರ್ತೀಯೋ ಇಲ್ವೋ" ಎಂದರು.

ಹೊಸ ಆಟಕ್ಕೆ ನನಗೆ ನಾಲ್ಕು ಕಾಯಿ ಬೇಕಿತ್ತು. ಹುಣಸೆಬೀಜವನ್ನೋ ಕಲ್ಲನ್ನೋ ತಂದರೆ ಅವರವುಗಳ ಜೊತೆ ಬೆರೆತುಹೋಗುತ್ತಿತ್ತು. ಬೀರು ತೆರೆದು, ಟೀಚರ ಡಬ್ಬಿಗೆ ಸಮಿತಿಯ ವತಿಯಿಂದ ನಾನೇ ಅಂಟಿಸಿದ್ದ ಚೀಟಿಯನ್ನು ಹರಿದು, ನಾಲ್ಕು ಕೆಂಪು ಚೂರು ತೆಗೆದುಕೊಂಡು ಬಂದೆ. ಬೆಳಿಗ್ಗೆ ನಾನು ಏನನ್ನೂ ಬರೆಯಲಿಲ್ಲ.

ಮುಂದಿನ ವಾರದ ಶುಕ್ರವಾರ ಚನ್ನಾಜಮ್ಮನವರು ಸಮಿತಿ ಸದಸ್ಯರ ಮನೆಗಳನ್ನೂ ನೋಡಬೇಕೆಂದು ಹೊರಟರು. ಊರಿಗೆಲ್ಲ ಸುತ್ತು ಹಾಕಿಯಾಗಿದೆ, ಹಿಮ ನಿಂತಿಲ್ಲ, ಇನ್ನುಳಿದದ್ದು ನಾವೇ. ಅವರು ಬಂದಾಗ ಅತ್ತೆ ಕಾಲು ಚಾಚಿ ಕೂತಿದ್ದರು. ಗಂಡ ಗೋಡೆ ನೋಡುತ್ತಿದ್ದರು. ನಾನು ಪುಸ್ತಕ ಹಿಡಿದು ನಿಂತಿದ್ದೆ. ಮೂರು ಲೋಟ ಕಾಫಿಯನ್ನೂ ಅವರ ಹೆಜ್ಜೆಯ ಸದ್ದು ಕೇಳಿದ ಮೇಲೆಯೇ ಒಲೆಯಿಂದ ಇಳಿಸಿದ್ದೆ.

"ಬೇಜಾರು ಹೇಗಿದೆ ಸಿದ್ದಮ್ಮನೋರೇ?"

"ಏನು ಕೇಳ್ತೀರ. ಎಷ್ಟು ಬೇಜಾರು ಅಂದ್ರೆ, ಬೇಜಾರಾಗಿದೆ ಅಂತ ಹೇಳೋಕೂ ಬೇಜಾರು."

ಚನ್ನಾಜಮ್ಮನವರು ಮೆಚ್ಚಿ ತಲೆಯಾಡಿಸಿದರು. ಮೂರು ಲೋಟಗಳನ್ನೂ ಮುಟ್ಟಿ ನೋಡಿದರು. ಆಮೇಲೆ, "ಒಂದು ಎಲೆ ಹಾಕ್ಕೊಳ್ತೀನಿ" ಎನ್ನುತ್ತ ಅತ್ತೆಯ ಪಕ್ಕದಲ್ಲಿದ್ದ ಎಲೆಯಡಿಕೆಯ ಸಂಚಿಗೆ ಕೈ ಹಾಕಿದರು. ಕವಡೆಗಳು ಇದ್ದದ್ದು ಅದರಲ್ಲೇ. ಅತ್ತೆಯ ನರಳಾಟ ಮೊದಲ ಬಾರಿಗೆ ನಿಂತಿತು. ಚನ್ನಾಜಮ್ಮನವರ ಕೈ ಸಂಚಿಯೊಳಗೆ ಒಂದು ಕ್ಷಣ ಹಾಗೇ ಇತ್ತು. ಮೆಲ್ಲಗೆ ಹೊರಗೆ ಬಂತು, ಖಾಲಿಯಾಗಿ.

"ಎಲೆ ಒಣಗಿದೆ" ಎಂದರು. "ಬರ್ಕೋ ಮಂಗಳಾ. ಬೇಸರ ತೃಪ್ತಿಕರ."

ಬರೆದುಕೊಂಡೆ. ಎಲೆ ಅಂದೇ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಸಹಿ ಹಾಕಲು ಅವರು ಪೆನ್ನು ಹಿಡಿದಾಗ, ಅವರ ಎಡಗೈ ತೋರುಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ಗುರುತುಗಳು ಕಂಡವು. ಎರಡು ಇನ್ನೂ ಕೆಂಪಗಿದ್ದವು. ಅವರ ಕಸೂತಿಯ ಗಂಟನ್ನು ಐದು ವಾರದ ಹಿಂದೆ ನಾನೇ ಚೀಟಿ ಅಂಟಿಸಿ ಒಳಗಿಟ್ಟಿದ್ದೆ. ಹರಿದ ರವಿಕೆ ಹೊಲಿದುಕೊಂಡಿರಬಹುದು. ಎಷ್ಟೆಂದರೂ ಚಳಿಗಾಲ, ಹರಿಯುತ್ತವೆ.

ಅದೇ ದಿನ ಸಂಜೆ ಪಂಕಜಳ ಮನೆಯಿಂದ ಮರ ಸೀಳುವ ಸದ್ದು ಬಂತು. ನಮ್ಮ ಬೆಂಚಿನ ಪಾಲಿನಲ್ಲಿ ಉಳಿದಿದ್ದ ನಾಲ್ಕು ಸೌದೆಯನ್ನು ಹಿಡಿದು ಓಡಿಹೋದೆ. ಆಗಲೇ ಸೀಳಿಯಾಗಿತ್ತು. "ಒಳ್ಳೇದೇ ಆಯ್ತು ಬಿಡಕ್ಕ" ಎಂದಳು. "ಅದರ ಮೇಲೆ ಕೂತ್ರೆ ಒಂಥರಾ ಹಾಯಾಗಿರ್ತಿತ್ತು. ನನ್ನಿಂದಾನೇ ಹಿಮ ನಿಲ್ತಿಲ್ವೇನೋ, ಯಾರಿಗೆ ಗೊತ್ತು." ಸೌದೆಯನ್ನು ಅವಳ ಒಲೆಯ ಬಳಿ ಇಟ್ಟು ಮನೆಗೆ ಬಂದೆ. ಇವತ್ತು ಆಡುವುದು ಬೇಡ ಎಂದೆ. ಅಂದು ಆಡಲಿಲ್ಲ, ಮಾರನೆಯ ದಿನವೂ ಆಡಲಿಲ್ಲ. ಅತ್ತೆ ಕಾಫಿಯನ್ನು ಬಿಸಿಬಿಸಿಯಾಗಿ ಕುಡಿದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಹಿಮ ಮಾತ್ರ ಬೀಳುತ್ತಲೇ ಇತ್ತು. ಭಾನುವಾರ ರಾತ್ರಿ ಮಣೆಯನ್ನು ಮಗುಚಿ ಹಾಕಿದವಳು ನಾನೇ.

ಅವತ್ತು ನನ್ನ ಮೂರು ಕಾಯಿ ಹಣ್ಣಾದವು. ನಾಲ್ಕನೆಯದು ಒಳಗಿನ ಸುತ್ತಿಗೆ ಹೋಗುವ ಬಾಗಿಲಲ್ಲಿತ್ತು. ಅತ್ತೆಗೂ ಗಂಡನಿಗೂ ನನ್ನಷ್ಟು ಹಣ್ಣಾಗಿರಲಿಲ್ಲ. ಅತ್ತೆ ಮೂರಕ್ಕೆ ಐದು ನಡೆಸಿದರು.

"ಅತ್ತೆ, ನಾಲ್ಕಾದ್ರೂ ಒಪ್ಕೋಬಹುದಿತ್ತು."

"ಸೊಸೆ ಗೆಲ್ತಾ ಇದ್ರೆ ಲೆಕ್ಕ ಬೇರೆ."

ನಾನು ಕವಡೆ ಹಾಕಿದೆ. ನಾಲ್ಕೂ ಮಗುಚಿ ಬಿದ್ದವು, ಬಾರ. ಎಂಟು ಮನೆ ನಡೆಸಿ, ಅಲ್ಲಿ ಕೂತಿದ್ದ ಗಂಡನ ಕಾಯಿಯನ್ನು ಕಡಿದೆ. ಅವರು ಎದೆಗೆ ಕೈ ಇಟ್ಟುಕೊಂಡು ಸತ್ತವರ ಹಾಗೆ ಗೋಡೆಗೆ ಒರಗಿದರು. ಅತ್ತೆ ಮಂಡಿ ತಟ್ಟಿಕೊಂಡು ನಕ್ಕರು. ನಾನೂ ನಗುತ್ತಿದ್ದೆ. ಯಾರೋ ಜೋರಾಗಿ ನಗುತ್ತಿದ್ದಾರಲ್ಲ, ಪಂಕಜಳಿಗೆ ಕೇಳಿಸೀತು ಎಂದು ಹೆದರಿ ನೋಡಿದರೆ ಅದು ನನ್ನದೇ ನಗು. ಆಗ ದೂರದಲ್ಲಿ ಒಂದು ನಾಯಿ ಬೊಗಳಿತು.

ದಟ್ಟವಾಗಿ ಹಿಮ ಬೀಳುವಾಗ ದೂರದ ಸದ್ದು ಕೇಳುವುದಿಲ್ಲ. ಹದಿನಾಲ್ಕು ವಾರದಿಂದ ನಾವು ಆ ನಾಯಿಯನ್ನು ಕೇಳಿರಲಿಲ್ಲ. ಎದ್ದು ಕಿಟಕಿ ತೆರೆದೆ. ಏನೂ ಬೀಳುತ್ತಿರಲಿಲ್ಲ. ಮಾಡುಗಳ ಮೇಲೆ ನಕ್ಷತ್ರಗಳಿದ್ದವು.

ಗಂಡನೂ ಎದ್ದು ಬಂದು ಹೊರಗೆ ನೋಡಿ ಕೇಳಿದರು, "ಈಗ ನಾವು ಬೇಜಾರಲ್ಲಿದ್ವಾ?"

"ನಾನು ಸೋಲ್ತಾ ಇದ್ದೆನಪ್ಪ" ಎಂದರು ಅತ್ತೆ.

"ಸೋಲ್ತಾನೇ ನಗ್ತಾ ಇದ್ದೆಯಲ್ಲಮ್ಮ."

ನಾನು ಎಲ್ಲ ರೀತಿಯಲ್ಲೂ ಯೋಚಿಸಿ ನೋಡಿದೆ. ನಿಲ್ಲುವ ಕ್ಷಣದಲ್ಲಿ ನಮ್ಮ ಸುಖ ಒಂದಿಷ್ಟು ಕಡಿಮೆಯಾಗಿರಬಹುದೇ? ಇಲ್ಲ, ಆ ಕ್ಷಣದಷ್ಟು ಯಾವ ಚಳಿಗಾಲದಲ್ಲೂ ಇರಲಿಲ್ಲ. ನಮ್ಮ ಮನೆ ಊರಿನ ಲೆಕ್ಕಕ್ಕೆ ಸೇರಿಲ್ಲವೇ? ಬೀದಿಯಲ್ಲಿ ಮೂರನೆಯ ಮನೆ ನಮ್ಮದು, ಸೇರದೆ ಏನು. ಹಿಮ ತನಗೆ ನಿಲ್ಲಬೇಕೆನಿಸಿದಾಗ ನಿಂತಿತ್ತು. ಹೋದ ವರ್ಷವೂ ಹಾಗೇ ನಿಂತಿರಬೇಕು, ಅದರ ಹಿಂದಿನ ವರ್ಷವೂ. ಅತ್ತೆ ಕವಡೆಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. "ಮದುವೆಯಾಗಿ ಬಂದ ವರ್ಷದಿಂದ ಇವನ್ನ ಕಟ್ಟಿ ಕೊಡ್ತಾ ಬಂದೆ" ಎಂದರು. "ಇದೊಂದು ವರ್ಷ ಕೊಡಲಿಲ್ಲ. ಅಷ್ಟೂ ವರ್ಷ..." ಕವಡೆಗಳನ್ನು ಸಂಚಿಗೆ ಹಾಕಿ, ಹಗಲಿನ ಹಾಗೆ ಗೋಡೆ ಹಿಡಿದುಕೊಂಡು ಎದ್ದು ಹೋದರು. ಆಗ ಮಂಡಿ ನಿಜವಾಗಿಯೇ ನೋಯುತ್ತಿತ್ತೇನೋ.

"ಬೆಳಿಗ್ಗೆ ಚನ್ನಾಜಮ್ಮನಿಗೆ ಹೇಳು" ಎಂದರು ಗಂಡ. "ನೀನು ಕಾರ್ಯದರ್ಶಿ. ನೀನು ಹೇಳಿದ್ರೆ ನಂಬ್ತಾರೆ."

ಹೇಳಬೇಕೆಂದೇ ಬೆಳಿಗ್ಗೆ ಹೊರಟೆ. ಹೋಗುತ್ತ ಟೀಚರ ಡಬ್ಬಿಯನ್ನೂ ಎತ್ತಿಕೊಂಡೆ. ಮೊದಲು ಅದನ್ನು ತಲುಪಿಸುವುದು, ಆಮೇಲೆ ಚನ್ನಾಜಮ್ಮನವರ ಮನೆ. ಬೀದಿಯಲ್ಲಿ ಬಿಸಿಲಿತ್ತು, ಮಾಡುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಪಂಕಜಳ ಮನೆಯ ಮುಂದೆ ಜನ ಸೇರಿದ್ದರು. ತೂಗುಮಣೆ ಸುಟ್ಟ ಮೂರನೆಯ ದಿನಕ್ಕೆ ಹಿಮ ನಿಂತಿದೆ, ಎಲ್ಲರೂ ಲೆಕ್ಕ ಹಾಕಿಬಿಟ್ಟಿದ್ದರು. ಯಾರೋ ಅವಳಿಗೆ ಸಕ್ಕರೆ ಕೊಡುತ್ತಿದ್ದರು. ನನ್ನನ್ನು ಕಂಡು, "ನಾನು ಹೇಳ್ಲಿಲ್ವಾ ಅಕ್ಕ" ಎಂದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು, ಮುಖ ಮಾತ್ರ ಅರಳಿತ್ತು. ಅಲ್ಲಿ ಹೇಳುವುದು ಸರಿಯಲ್ಲ ಎನ್ನಿಸಿತು. ಎಷ್ಟೊಂದು ಜನ.

ವನಮಾಲಾ ಟೀಚರು ಕಿಟಕಿಯ ಬಳಿ ಕೂತಿದ್ದರು. ಹಲಗೆ ನಾನು ಒರಗಿಸಿದ್ದ ಜಾಗದಲ್ಲೇ, ಗೋಡೆಯ ಕಡೆ ಮುಖ ಮಾಡಿಕೊಂಡು ನಿಂತಿತ್ತು. ಡಬ್ಬಿಯನ್ನು ಅವರ ಪಕ್ಕದ ಸ್ಟೂಲಿನ ಮೇಲಿಟ್ಟೆ.

"ಟೀಚರ್, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು" ಎಂದೆ. ಚನ್ನಾಜಮ್ಮನವರಿಗಿಂತ ಮೊದಲು ಇದು ಸೇರಬೇಕಾದದ್ದು ಇವರಿಗೆ ಎಂದು ಆಗ ನನಗೆ ಹೊಳೆದಿತ್ತು.

"ಕೂತ್ಕೋ. ಈ ವರ್ಷ ಬಿಟ್ಟುಕೊಟ್ಟಿದ್ದು ಪಂಕಜನಂತೆ?"

"ಹಾಗಂತಾರೆ."

"ಪಾಪ, ಚಿಕ್ಕ ವಯಸ್ಸು. ಹೋಗಿ ನೋಡ್ಕೊಂಡು ಬರ್ಬೇಕು. ಮೊದಲ ದಿನ ಕಷ್ಟ." ಅವರು ಕಿಟಕಿಯಾಚೆ ನೀರು ತೊಟ್ಟಿಕ್ಕುವುದನ್ನು ನೋಡಿದರು. "ಹೋದ ವರ್ಷ ನಾನೂ ಹೀಗೇ ಕೂತಿದ್ದೆ. ಎದೆಯಲ್ಲಿ ಏನೋ ಕಿತ್ತ ಹಾಗೆ. ಆಮೇಲೆ ಘಾಟಿ ತೆಗೀತು, ಬಸ್ಸು ಬಂತು, ಮಕ್ಕಳು ಹೊರಗೆ ಓಡಿದ್ರು. ಇದೆಲ್ಲ ನನ್ನ ಆ ಬಳೆಚೂರಿನಿಂದ ಅಂದ್ಕೊಂಡೆ ಮಂಗಳಾ. ಮೂವತ್ತೆರಡು ವರ್ಷ ಪಾಠ ಹೇಳಿದೆ, ಒಬ್ಬರೂ ನೆನಪಿಟ್ಕೊಂಡಿಲ್ಲ. ಇದನ್ನ ಮಾತ್ರ ಎಲ್ಲರೂ ಹೇಳ್ತಾರೆ, ಟೀಚರ್ ಕೊಟ್ರು, ಹಿಮ ನಿಲ್ತು ಅಂತ." ಅವರು ನನ್ನ ಕಡೆ ತಿರುಗಿದರು. "ಏನೋ ಹೇಳ್ಬೇಕು ಅಂದೆಯಲ್ಲ."

ನಾನು ಡಬ್ಬಿಯನ್ನು ನೋಡಿದೆ. "ಚೀಟಿ ಹರಿದಿದೆ ಅಂತ. ಬೀರುವಿನಲ್ಲಿ ಉಜ್ಜಿ ಹರಿದಿರ್ಬೇಕು."

"ಅಷ್ಟೇನಾ" ಎಂದು ಅವರು ಡಬ್ಬಿಯನ್ನು ತೊಡೆಯ ಮೇಲೆ ತೆಗೆದುಕೊಂಡರು. ಬೇಡವೆನ್ನುತ್ತಾರೆ ಎಂದುಕೊಂಡೆ. ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿದರು. ಹಸಿರು, ನೀಲಿ, ಮತ್ತೆ ಹಸಿರು. ಬೆರಳು ನಿಂತಿತು.

"ಇದರಲ್ಲಿ ಕೆಂಪು ನಾಲ್ಕು ಇಲ್ಲ."

"ಎಣಿಸಿಟ್ಟಿದ್ರಾ ಟೀಚರ್?"

"ಎಣಿಸೋದೇನು. ನಿನ್ನ ಮದುವೆ ಬಳೇದು ಅವು, ನೀನೇ ತಂದುಕೊಟ್ಟಿದ್ದೆ. ನಿಮ್ಮ ಮನೆ ಬಾಗಿಲಿಗೆ ಅಂತ ಬೇರೆ ಮಾಡಿಟ್ಟಿದ್ದೆ." ಅವರು ಎದ್ದು ಹೋಗಿ, ಹಲಗೆಯ ಒಂದು ಅಂಚನ್ನು ಹಿಡಿದು ಬೆಳಕಿಗೆ ತಿರುಗಿಸಿದರು. ಬೇಸಿಗೆಯ ನಮ್ಮ ಬೀದಿ. ಮೂರನೆಯ ಮನೆಗೆ ಬಾಗಿಲಿರಲಿಲ್ಲ, ಬರೀ ಮರ ಕಾಣುತ್ತಿತ್ತು. ಅವರು ಅದನ್ನು ನೋಡುತ್ತಲೇ ನಿಂತರು. "ಎಲ್ಲೋ ಬೀರುವಿನಲ್ಲೇ ಬಿದ್ದಿರುತ್ತೆ. ಹುಡುಕಿ ತಂದುಕೊಡು. ಇದೊಂದು ಹಾಗೇ ಉಳಿದುಬಿಟ್ಟಿದೆ."

ನಾನು ಅವರ ಅಡುಗೆಮನೆಯಲ್ಲಿ ಮಾಡಿ ತಂದುಕೊಟ್ಟ ಕಾಫಿಯನ್ನು ಅವರು ಒಂದು ಗುಟುಕು ಕುಡಿದು ಕಿಟಕಿಯ ಮೇಲಿಟ್ಟರು, ಆಮೇಲೆ ಅದರ ಕಡೆ ನೋಡಲಿಲ್ಲ. ನಾನು ನೋಡುತ್ತಿದ್ದೆ. ಮೊದಲು ಹಬೆ ನಿಂತಿತು. ಸ್ವಲ್ಪ ಹೊತ್ತಿಗೆ ಅಂಚಿನಿಂದ ತೆಳ್ಳಗೆ ಕೆನೆ ಕಟ್ಟತೊಡಗಿತು. ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಚನ್ನಾಜಮ್ಮನವರ ಮನೆ ಬಲಕ್ಕೆ, ನಮ್ಮ ಮನೆ ಎಡಕ್ಕೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಎಡಕ್ಕೆ ತಿರುಗಿದೆ. ಮುಂದಿನ ಚಳಿಗಾಲಕ್ಕೂ ಕಾರ್ಯದರ್ಶಿ ನಾನೇ, ಇಷ್ಟು ಚೆನ್ನಾಗಿ ಬರೆಯುವವರು ಬೇರೆ ಯಾರಿದ್ದಾರೆ. ಎಲ್ಲ ಮನೆಗಳ ಮುಂದೆಯೂ ಒಂದೇ ಮಾತನ್ನು ಬರೆದುಕೊಂಡು ಬಂದರಾಯಿತು, ಅದಕ್ಕೆ ಮನೆಯೊಳಗೆ ಹೋಗಬೇಕೆಂದೂ ಇಲ್ಲ. ಗಂಡನಿಗೆ ಏನು ಹೇಳುವುದೆಂದು ದಾರಿಯಲ್ಲಿ ಯೋಚಿಸಿದೆ. ಚನ್ನಾಜಮ್ಮನವರು ಸಿಗಲಿಲ್ಲ ಎಂದರೆ ಸಾಕು. ಆ ರಾತ್ರಿ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿಕೊಂಡೆ, ಆ ನಾಲ್ಕು ಕೆಂಪು ಚೂರು ಎಲ್ಲಿದ್ದವು ಎಂಬುದನ್ನೂ ಸೇರಿಸಿ. ಅವನ್ನು ತೊಳೆದು ಸಂಜೆಯೊಳಗೆ ತಲುಪಿಸಬೇಕಿತ್ತು. ನನ್ನ ಆಟಕ್ಕೆ ಬೇರೆ ಏನಾದರೂ ಹುಡುಕಿಕೊಳ್ಳುತ್ತೇನೆ.